ಎದುರು ಬಾಗಿಲು

ರೈಲು

ಪರದೇಶ ಪ್ರವಾಸವೆಂದರೆ ನಮ್ಮ ಬೀದಿಯವರಿಗೆ ಸಿಂಗಪುರ, ಇಲ್ಲವೇ ಮಗಳ ಬಾಣಂತನಕ್ಕೆಂದು ಹೋಗಿಬಂದ ನ್ಯೂಜೆರ್ಸಿ. ನನ್ನ ಪಾಸ್‌ಪೋರ್ಟಿನಲ್ಲಿ ಒಂದು ಸ್ಟ್ಯಾಂಪೂ ಬೀಳದೆ ಅವಧಿ ಮುಗಿದುಹೋಯಿತು. ನಾನು ಕಂಡ ಪರದೇಶ ಒಂದೇ, ದೆಹಲಿ. ಎಪ್ಪತ್ತನೆಯ ವಯಸ್ಸಿನಲ್ಲಿ, ಜನವರಿ ತಿಂಗಳಲ್ಲಿ, ನುಸಿಗುಳಿಗೆ ವಾಸನೆಯ ಒಂದು ಕಾರ್ಡಿಗನ್ ನಂಬಿಕೊಂಡು ಹೋಗಿದ್ದೆ. ಅಲ್ಲಿನ ಮಾತು, ಊಟ, ಆಕಾಶದ ಬಣ್ಣ ಯಾವುದೂ ನನ್ನದಾಗಿರಲಿಲ್ಲ. ಅದನ್ನು ಪರದೇಶ ಎನ್ನದೆ ಇನ್ನೇನೆನ್ನಲಿ?

ಝಾನ್ಸಿ ದಾಟಿದ ಮೇಲೆ ಕಿಟಕಿ ಬಿಳಿಯಾಯಿತು. ಯಾರೋ ಹೊರಗಿನಿಂದ ಗಾಜಿಗೆ ಸುಣ್ಣ ಬಳಿದಂತಿತ್ತು. ರೈಲು ನಿಂತಿತು, ನಡೆಯಿತು, ಮತ್ತೆ ನಿಂತಿತು. ಬೆಳಗಿನ ಹತ್ತು ಗಂಟೆಯಾದರೂ ಸೂರ್ಯನ ಸುಳಿವಿಲ್ಲ. ಒಮ್ಮೆ ನಿಂತಾಗ ಹಳಿಯ ಪಕ್ಕದಲ್ಲಿ ಕಂಬಳಿ ಹೊದ್ದ ಒಬ್ಬ ಮನುಷ್ಯ ಕಾಣಿಸಿದ. ಮೊಣಕಾಲಿನಿಂದ ಕೆಳಗೆ ಅವನಿಗೆ ಏನೂ ಇರಲಿಲ್ಲ, ಬರೀ ಮಂಜು. ಅವನು ನನ್ನನ್ನೇ ನೋಡುತ್ತಿದ್ದ. ರೈಲು ಹೊರಟಿತು, ಅವನು ಬಿಳುಪಿನೊಳಗೆ ಕರಗಿಹೋದ.

ಎದುರು ಸೀಟಿನ ದಪ್ಪ ಹೆಂಗಸು ಕಡಲೆಕಾಯಿ ಸುಲಿದು ಸಿಪ್ಪೆಯನ್ನು ನನ್ನ ಕಾಲ ಬಳಿಯೇ ಹಾಕುತ್ತಾ ವಿಚಾರಿಸಿದಳು. “ಆಂಟೀಜಿ, ನೀವು ಮದ್ರಾಸಿಯಾ?”

“ಇಲ್ಲಮ್ಮ, ಮೈಸೂರು.”

“ಹಾಂ ಹಾಂ, ಅದೇ, ಮದ್ರಾಸ್‌ನಲ್ಲಿರೋದು.”

“ಮೈಸೂರು ಬೇರೆ, ಮದ್ರಾಸ್ ಬೇರೆ.”

“ಅಚ್ಛಾ?” ಎಂದು ಅವಳು ನನ್ನ ಮುಖವನ್ನು, ಕುಂಕುಮವನ್ನು, ಮೂಗುಬೊಟ್ಟನ್ನು ನೋಡಿ ತಲೆಯಾಡಿಸಿದಳು. “ಆದರೆ ನೋಡೋಕೆ ಮದ್ರಾಸಿಯೇ.” ಆಮೇಲೆ ಗಜಕ್ ಎಂಬ ಎಳ್ಳಿನ ಮಿಠಾಯಿಯ ಒಂದು ತುಂಡು ಕೈಗಿಟ್ಟಳು. ತುಂಬ ರುಚಿಯಾಗಿತ್ತು. ಆದರೂ ನನಗೆ ಸಿಟ್ಟು ಇಳಿಯಲಿಲ್ಲ. ಸಿಸ್ಟರ್‌ಗಳ ಹತ್ತಿರ ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಕಲಿತವಳು ನಾನು. ಮುಖ ನೋಡಿದ ಮಾತ್ರಕ್ಕೆ ಊರು ಹೇಳುತ್ತಾಳಂತೆ, ವಾಟ್ ಚೀಕ್!

ದ್ವಾರಕಾ

ತಂಗಿಯ ಮಗಳು ವಸುಧಾ ಸರ್ಕಾರಿ ಅಧಿಕಾರಿ. ಅವಳ ಫ್ಲಾಟು ದ್ವಾರಕಾದ ಒಂದು ಹೌಸಿಂಗ್ ಸೊಸೈಟಿಯಲ್ಲಿ, ಆರನೇ ಮಹಡಿ. ಬಾಲ್ಕನಿಯಲ್ಲಿ ನಿಂತರೆ ಕೆಳಗೆ ಊರಿಲ್ಲ. ಎದುರಿನ ಟವರ್ ಮೇಲಿನ ಎರಡು ಮಹಡಿ ಇದೆ, ಅದರ ಕೆಳಗೆ ಇಲ್ಲ. ಎಲ್ಲಿಂದಲೋ ವಾಚ್‌ಮನ್‌ನ ಸೀಟಿ, ಎಲ್ಲಿಂದಲೋ ಮೆಟ್ರೋ ಹಾದುಹೋಗುವ ಗುಂಯ್ ಸದ್ದು. ಮೈಸೂರಿನಲ್ಲೂ ಮಂಜು ಬೀಳುತ್ತದೆ, ಏಳು ಗಂಟೆಗೆ ಬಂದು ಎಂಟಕ್ಕೆ ಮರ್ಯಾದೆಯಾಗಿ ಹೊರಡುತ್ತದೆ. ಇಲ್ಲಿಯದು ಬಂದು ಕೂತುಕೊಳ್ಳುತ್ತದೆ, ನೆಂಟರ ಹಾಗೆ.

“ಅಜ್ಜಿ, ಆಪ್ ನಾ, ಸಾಕ್ಸ್ ತೆಗೀಬೇಡಿ,” ಎಂದು ವಸುಧಾಳ ಮಗಳು ನಿಕ್ಕಿ ಆಜ್ಞೆ ಮಾಡಿದಳು. ಅವಳ ಕನ್ನಡ ಮೂರು ಶಬ್ದಕ್ಕೊಮ್ಮೆ ಹಿಂದಿಯೊಳಗೆ ಜಾರುತ್ತಿತ್ತು.

ಮೂರನೆಯ ದಿನ ನಾಜ್ನೀನ್ ಫೋನ್ ಮಾಡಿದಳು. ಧಾರವಾಡದ ಹುಡುಗಿ. ಮೈಸೂರಿನಲ್ಲಿ ನಾನು ಮಕ್ಕಳ ಆಶ್ರಯಧಾಮದ ಸೋಷಿಯಲ್ ವರ್ಕರ್ ಆಗಿದ್ದಾಗ ನನ್ನ ಕೈಕೆಳಗೆ ಟ್ರೇನಿಂಗ್ ಮಾಡಿದವಳು. ಈಗ ದೆಹಲಿಯಲ್ಲಿ ದತ್ತು ಕೊಡಿಸುವ ಒಂದು ಸಣ್ಣ ಸಂಸ್ಥೆ ನೋಡಿಕೊಳ್ಳುತ್ತಾಳೆ.

“ಮಿಸ್, ಒಂದು ಉಪಕಾರ ಮಾಡ್ತೀರಾ? ಇಬ್ಬರು ವರ್ಕರ್ಸ್ ಜ್ವರ ಅಂತ ಮಲಗಿದಾರೆ. ಒಂದೇ ಒಂದು ಹೋಮ್ ಸ್ಟಡಿ. ಘಾಜಿಯಾಬಾದ್. ನಿಮ್ಮ ಕಣ್ಣಿಗಿಂತ ಒಳ್ಳೆ ಕಣ್ಣು ನನಗೆ ಎಲ್ಲಿ ಸಿಗುತ್ತೆ?”

ಹೊಗಳಿಕೆಗೆ ನಾನು ಯಾವಾಗಲೂ ಸೋಲುತ್ತೇನೆ. ಹೋಮ್ ಸ್ಟಡಿ ಎಂದರೆ ದತ್ತು ಕೇಳಿದವರ ಮನೆಗೆ ಹೋಗಿ, ಕೂತು, ಮಾತಾಡಿಸಿ, ಆ ಮನೆಗೆ ಮಗುವನ್ನು ಕೊಡಬಹುದೇ ಎಂದು ಬರೆದುಕೊಡುವುದು. ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದೇನೆ. ಟ್ರೇನಿಗಳಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠ ಒಂದಿತ್ತು. ಮನೆಯವರು ಬಾಯಿ ಬಿಡುವ ಮುಂಚೆ ಮನೆ ಮಾತಾಡುತ್ತದೆ, ಹೊಸಿಲನ್ನು ನೋಡಿ. ಹುಡುಗಿಯರು ಅದನ್ನು ನೋಟ್ ಬುಕ್ಕಿನಲ್ಲಿ ಅಂಡರ್‌ಲೈನ್ ಮಾಡಿಕೊಳ್ಳುತ್ತಿದ್ದರು.

ಫೈಲು ಬಂತು. ಗಂಡ ಹೆಂಡತಿ ನಾಲ್ಕು ವರ್ಷದಿಂದ ಕಾಯುತ್ತಿದ್ದಾರೆ. ಸಂಸ್ಥೆಯಲ್ಲಿದ್ದ ಮೂರು ವರ್ಷದ ಹೆಣ್ಣುಮಗುವನ್ನು ಅವರಿಗೆಂದು ಯೋಚಿಸಿದ್ದಾರೆ. ಹಿಂದಿನ ತಿಂಗಳು ಸಂಸ್ಥೆಗೆ ಹೋದಾಗ ಆ ಮಗು ಹೆಂಗಸಿನ ಸೆರಗು ಬಿಡಲಿಲ್ಲವಂತೆ. ಎಲ್ಲವೂ ನನ್ನ ವರದಿಗಾಗಿ ನಿಂತಿದೆ. ಫೋಟೋ ಜೆರಾಕ್ಸ್ ಆಗಿ ಆಗಿ ಎರಡು ಕಪ್ಪು ಮೊಟ್ಟೆಗಳಾಗಿತ್ತು. ಗಂಡನ ಉದ್ಯೋಗ ಎಂಬ ಕಡೆ “ಸಫಾಯಿ ಕರ್ಮಚಾರಿ” ಎಂದಿತ್ತು, ನಮ್ಮ ಕಡೆಯ ಪೌರಕಾರ್ಮಿಕ. ನನ್ನ ಕಣ್ಣು ಅಲ್ಲಿ ನಿಂತಿತು. ಮುಂದಿನ ಸಾಲುಗಳನ್ನು ಓದಿದೆನೆಂದೇ ಈಗಲೂ ನನ್ನ ನೆನಪು. ಆದರೆ ಅವುಗಳಲ್ಲಿ ಏನಿತ್ತೆಂದು ಆವತ್ತು ಯಾರಾದರೂ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಹೆಸರುಗಳನ್ನೆಲ್ಲ ಇಲ್ಲಿ ಬದಲಿಸಿದ್ದೇನೆ. ಬಾಗಿಲುಗಳನ್ನು ಬದಲಿಸಿಲ್ಲ.

ಘಾಜಿಯಾಬಾದ್, ಬುಧವಾರ

ಟ್ಯಾಕ್ಸಿಯವನು ಯಮುನೆಯ ಸೇತುವೆಯ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಓಡಿಸಿದ. ನದಿ ಇದೆಯೆಂದು ಅವನು ಹೇಳಿದ್ದಕ್ಕೆ ನಂಬಿದೆ. ಘಾಜಿಯಾಬಾದಿನಲ್ಲಿ ನಾಲ್ಕು ಮಹಡಿಯ ಫ್ಲಾಟುಗಳು ಸಾಲುಸಾಲಾಗಿ, ಒಂದರ ನೆರಳಿನ ಹಾಗೆ ಇನ್ನೊಂದು. ಬ್ಲಾಕ್ ಸಿಕ್ಕಿತು. ಎರಡನೇ ಮಹಡಿ ಎಂದು ಫೈಲಿನಲ್ಲಿತ್ತು. ಏದುಸಿರು ಬಿಡುತ್ತಾ ಹತ್ತಿದೆ.

ಮೇಲೆ ಎದುರುಬದುರಾಗಿ ಎರಡು ಬಾಗಿಲು. ಮೆಟ್ಟಿಲಿನ ಗೋಡೆಗೆಲ್ಲ ಹೊಸದಾಗಿ ಸುಣ್ಣ ಹೊಡೆದಿದ್ದರು, ನಂಬರುಗಳು ಅದರಡಿ ಮುಚ್ಚಿಹೋಗಿದ್ದವು. ಬಲಗಡೆಯ ಬಾಗಿಲಿಗೆ ಹೊಳೆಯುವ ಹಿತ್ತಾಳೆ ಚಿಲಕ, ನೋಡಲು ಗಾಜಿನ ಕಿಂಡಿ, ಎರಡು ಕುಂಡಗಳಲ್ಲಿ ಚೆಂಡುಹೂವು, ಒಗೆದ ಕಾಲೊರಸು. ಎಡಗಡೆಯ ಬಾಗಿಲಿನ ಬಣ್ಣ ಸಿಪ್ಪೆ ಎದ್ದಿತ್ತು. ಕೆಳಗೆ ಹರಿದ ಗೋಣಿ. ಗೋಣಿಯ ಮೇಲೆ ಮಗುವಿನ ಒಂದು ಜೊತೆ ಚಪ್ಪಲಿ, ಗುಲಾಬಿ ಬಣ್ಣದ್ದು, ಧೂಳು ಹಿಡಿದಿತ್ತು.

ನಾನು ಎರಡನ್ನೂ ನೋಡಿದೆ. ಆಮೇಲೆ ಎಡಗಡೆಯ ಬಾಗಿಲು ತಟ್ಟಿದೆ.

ಅದು ಹಾಕಿರಲೇ ಇಲ್ಲ. ಬೆರಳು ತಾಗಿದ್ದೇ ತೆರೆದುಕೊಂಡಿತು. ಒಳಗಿನ ಕತ್ತಲಲ್ಲಿ ನಲವತ್ತರ ಹತ್ತಿರದ ಹೆಂಗಸೊಬ್ಬಳು ನಿಂತೇ ಇದ್ದಳು, ಬಾಗಿಲಿಗೆ ಮುಖ ಮಾಡಿ. ಆಗ ತಾನೇ ಎದ್ದು ಬಂದವಳಲ್ಲ, ಮೊದಲಿನಿಂದಲೂ ಹಾಗೇ ನಿಂತವಳ ಹಾಗೆ. ಅವಳ ಕಣ್ಣು ನನ್ನ ಮುಖಕ್ಕೆ ಬರಲಿಲ್ಲ, ಕಂಕುಳಲ್ಲಿದ್ದ ಫೈಲಿಗೆ ಬಂತು.

ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. “ನಮಸ್ತೇ ಬೇಟಿ. ಮಗುವಿನ ವಿಷಯಕ್ಕೆ ಬಂದಿದೀನಿ.”

ಅವಳು ಗೋಡೆ ಹಿಡಿದುಕೊಂಡಳು. “ಬಂದಿರಾ,” ಎಂದಳು. “ಬನ್ನಿ ಮೇಡಮ್‌ಜಿ, ಬನ್ನಿ. ನಾಲ್ಕು ವರ್ಷ ಆಯ್ತು.”

ಫೈಲಿನಲ್ಲಿದ್ದದ್ದೂ ನಾಲ್ಕೇ ವರ್ಷ. ನಾನು ಒಳಗೆ ಹೋದೆ.

ಒಳಗೆ ಎಲ್ಲವೂ ನಾನು ಅಂದುಕೊಂಡ ಹಾಗೇ ಇತ್ತು. ಟ್ಯಾಕ್ಸಿಯಲ್ಲಿ ಕೂತು ಮನಸ್ಸಿನಲ್ಲಿ ಕಟ್ಟಿಕೊಂಡ ಮನೆಗೆ ಕಾಲಿಟ್ಟಂತಿತ್ತು. ಅದೇ ಕತ್ತಲು, ಅದೇ ತೇವದ ವಾಸನೆ, ಅದೇ ಮುರುಕು ಪ್ಲಾಸ್ಟಿಕ್ ಕುರ್ಚಿ. ಒಂದೇ ಒಂದು ವಸ್ತು ಮಾತ್ರ ನನ್ನ ಲೆಕ್ಕದಲ್ಲಿರಲಿಲ್ಲ. ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಕೆಂಪು ಸ್ವೆಟರ್‌ಗಳು. ನಾಲ್ಕು. ಮೊದಲನೆಯದು ಮೂರು ವರ್ಷದ ಮಗುವಿನದು, ಮುಂದಿನದು ಒಂದು ಬೆರಳು ದೊಡ್ಡದು, ಅದರ ಮುಂದಿನದು ಇನ್ನೂ ಒಂದು ಬೆರಳು. ಅವಳು ಕೂತು ಐದನೆಯದನ್ನು ಮಡಿಲಿಗೆ ಎತ್ತಿಕೊಂಡಳು, ಅದಿನ್ನೂ ಹೆಣಿಗೆ ಕಡ್ಡಿಯ ಮೇಲಿತ್ತು. ಎಲ್ಲವೂ ಒಂದೇ ಕೆಂಪು, ಎಲ್ಲಕ್ಕೂ ಎದೆಯ ಮೇಲೆ ಒಂದೇ ಬಿಳಿ ಬಾತುಕೋಳಿ.

“ಇದೆಲ್ಲ ಯಾರಿಗೆ?”

“ಅವಳಿಗೇ. ಬರುವಾಗ ಎಷ್ಟು ದೊಡ್ಡವಳಾಗಿರ್ತಾಳೋ ಹೇಗೆ ಹೇಳೋದು?”

ವಯಸ್ಸಿನ ಬಗ್ಗೆ ಗೊಂದಲ ಎಂದು ಬರೆದುಕೊಂಡೆ.

“ಎಲ್ಲಿ ಮಲಗಿಸ್ತೀಯಾ?”

ಅವಳು ಗೋಡೆಯ ಪಕ್ಕದ ಸಣ್ಣ ಮಂಚ ತೋರಿಸಿದಳು. ಹಾಸಿಗೆ ಸಿದ್ಧವಿತ್ತು. ದಿಂಬಿನ ನಡುವೆ ಒಂದು ಸಣ್ಣ ತಗ್ಗು ಇತ್ತು. ಅದನ್ನು ದಿನಾ ಕೈಯಿಂದ ಒತ್ತಿ ಮಾಡುತ್ತಿದ್ದಳೋ ಏನೋ.

ಫಾರಂನಲ್ಲಿ ಒಂದು ಪ್ರಶ್ನೆ ಇದೆ, ಮಗುವಿಗೆ ಸತ್ಯವನ್ನು ಯಾವಾಗ ಹೇಳುತ್ತೀರಿ ಎಂದು. ದತ್ತು ಎನ್ನುವ ಸತ್ಯವನ್ನು. ಅದನ್ನೂ ಕೇಳಿದೆ.

“ಹೇಳೋದೇನಿದೆ ಮೇಡಮ್‌ಜಿ? ನನ್ನ ಮುಖ ನೋಡಿದ ತಕ್ಷಣ ಗೊತ್ತಾಗುತ್ತೆ ಅವಳಿಗೆ.”

ಮಾತಾಡುವಾಗೆಲ್ಲ ಅವಳು ನನ್ನ ಭುಜದಾಚೆ ತೆರೆದ ಬಾಗಿಲನ್ನು ನೋಡುತ್ತಿದ್ದಳು. ಚಳಿ ಒಳಗೆ ಬರುತ್ತಿತ್ತು, ನಾನು ಎದ್ದು ಬಾಗಿಲು ಮುಂದಕ್ಕೆ ತಳ್ಳಿದೆ. “ಬೇಡ!” ಎಂದು ಕೂಗಿಬಿಟ್ಟಳು. ಮರುಕ್ಷಣವೇ ನಾಚಿ ಕೈಮುಗಿದಳು. “ಮುಚ್ಚಬೇಡಿ ಮೇಡಮ್‌ಜಿ. ಮುಚ್ಚೋದಿಲ್ಲ ನಾವು.”

ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡಳು. ಬೆರಳುಗಳು ಮಂಜುಗಡ್ಡೆಯಂತಿದ್ದವು. “ಯಾವಾಗ ಬರ್ತಾಳೆ? ಅಷ್ಟು ಹೇಳಿಬಿಡಿ.”

ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ, ಮೂವತ್ತೊಂದು ವರ್ಷ ಹೇಳಿದ್ದು. “ಎಲ್ಲ ಸರಿಹೋದರೆ ಮೂರು ತಿಂಗಳು.”

“ಮೂರು ತಿಂಗಳು,” ಎಂದು ಅವಳು ಮೆಲ್ಲಗೆ ಹೇಳಿಕೊಂಡಳು, ಮಂತ್ರ ಕಲಿಯುವವಳ ಹಾಗೆ.

ಹೊರಗೆ ಬಂದಾಗ ಎದುರು ಬಾಗಿಲಿನ ಗಾಜಿನ ಕಿಂಡಿ ಕಪ್ಪಾಗಿತ್ತು. ನಾನು ನೋಡುತ್ತಿದ್ದ ಹಾಗೆ ಬೆಳಕಾಯಿತು, ಮತ್ತೆ ಕಪ್ಪಾಯಿತು. ಯಾರೋ ಅದಕ್ಕೆ ಕಣ್ಣಿಟ್ಟು ನಿಂತಿದ್ದಾರೆ. ನೆರೆಯವರನ್ನೂ ವಿಚಾರಿಸಬೇಕು ಎಂಬುದು ನಿಯಮ. ಕಾಲು ಮರಗಟ್ಟಿತ್ತು, ಮುಚ್ಚಿದ ಬಾಗಿಲ ಹಿಂದೆ ನಿಂತು ಇಣುಕುವವರ ಹತ್ತಿರ ಏನು ಮಾತು ಎನ್ನಿಸಿತು. ಇಳಿದುಬಿಟ್ಟೆ.

ಆ ಸಂಜೆ ದ್ವಾರಕಾದಲ್ಲಿ ರಜಾಯಿಯೊಳಗೆ ಕೂತು ಇಂಗ್ಲಿಷಿನಲ್ಲಿ ವರದಿ ಬರೆದೆ. ಮನೆ ಅಸ್ವಚ್ಛ. ಮುಂಬಾಗಿಲು ತೆರೆದೇ ಇರುತ್ತದೆ, ಮಗುವಿಗೆ ಅಪಾಯ. ಅರ್ಜಿದಾರಳ ಮಾನಸಿಕ ಸ್ಥಿತಿ ಅನುಮಾನಾಸ್ಪದ. ನೆರೆಯವರು ಮಾತಾಡಲು ಮುಂದೆ ಬರಲಿಲ್ಲ. ಕೊನೆಗೆ, ನಾಟ್ ರೆಕಮೆಂಡೆಡ್. ಸಿಸ್ಟರ್‌ಗಳು ಕಲಿಸಿದ ಕರ್ಸಿವ್ ಅಕ್ಷರ. ತುಂಬ ಚೆನ್ನಾಗಿ ಬಂದಿತ್ತು.

ಸರೋಜಿನಿ ನಗರ, ಶನಿವಾರ

ವಸುಧಾ ಶಾಪಿಂಗಿಗೆ ಎಳೆದುಕೊಂಡು ಹೋದಳು. ಮೈಸೂರಿನಲ್ಲಿ ಅಂಗಡಿಯವರು ಬಟ್ಟೆ ಬಿಡಿಸಿ ತೋರಿಸುತ್ತಾರೆ. ಇಲ್ಲಿ ಬಟ್ಟೆಯ ಗುಡ್ಡೆಯೊಳಗೆ ನಾವೇ ಕೈ ಹಾಕಿ ಹೂತುಹೋಗಬೇಕು. “ಭಯ್ಯಾ, ಸರಿಯಾಗಿ ಹೇಳಿ,” ಎಂದು ವಸುಧಾ ಚೌಕಾಸಿಗೆ ನಿಂತಿದ್ದಾಗ ಅಂಗಡಿಯವನು ನನ್ನತ್ತ ನೋಡಿ, “ಮದ್ರಾಸಿ ಮಾತಾಜಿಗೆ ಮಫ್ಲರ್?” ಎಂದ. ತಲೆಯ ಮೇಲೆ ನೋಡಿದೆ. ಹಗ್ಗದಲ್ಲಿ ಮಕ್ಕಳ ಸ್ವೆಟರ್‌ಗಳು, ಸಣ್ಣದರಿಂದ ದೊಡ್ಡದಕ್ಕೆ, ಸಾಲಾಗಿ. ಗಾಳಿ ಇರಲಿಲ್ಲ, ಆದರೂ ಸಣ್ಣದೊಂದು ಅಲ್ಲಾಡುತ್ತಿತ್ತು. ಆಗಲೇ ಚೀಲದೊಳಗೆ ಮೊಬೈಲ್ ಹೊಡೆದುಕೊಂಡಿತು.

“ಮಿಸ್,” ನಾಜ್ನೀನ್. “ಸುನೀತಾ ಫೋನ್ ಮಾಡಿದ್ದಳು. ಮೇಡಮ್ ಯಾವಾಗ ಬರ್ತಾರೆ ಅಂತ ಕೇಳ್ತಿದಾಳೆ.”

“ಯಾವ ಸುನೀತಾ?”

“ನಿಮ್ಮ ಕೇಸು. ಘಾಜಿಯಾಬಾದ್.”

“ಬುಧವಾರವೇ ಹೋಗಿ ಬಂದೆನಲ್ಲಮ್ಮ. ಒಂದು ಗಂಟೆ ಕೂತಿದ್ದೆ ಅವಳ ಜೊತೆ. ರಿಪೋರ್ಟ್ ತಲುಪಲಿಲ್ವಾ?”

“ತಲುಪಿದೆ, ಓದಿದೆ. ಅದಕ್ಕೇ ಕೇಳ್ತಿದೀನಿ.” ಅವಳ ದನಿ ತಗ್ಗಿತು. “ನೀವು ಎದುರು ಮನೆಗೆ ಬಂದು ವಿಚಾರಿಸಿ, ಹಾಗೇ ಹೊರಟುಹೋದಿರಂತೆ. ತಮ್ಮ ಮನೆಗೆ ಬರಲೇ ಇಲ್ಲ ಅಂತಾಳೆ.”

ಮಾರ್ಕೆಟಿನ ಗಲಾಟೆಯೆಲ್ಲ ಯಾರೋ ಗುಂಡಿ ತಿರುಗಿಸಿದ ಹಾಗೆ ನಿಂತುಹೋಯಿತು. ನನ್ನ ಕೈ ಹಿಡಿದಿದ್ದ ಆ ತಣ್ಣನೆಯ ಬೆರಳುಗಳು ಯಾರವು ಹಾಗಾದರೆ? ಯಾವ ಮಗುವಿನ ವಿಷಯ ಮಾತಾಡಿದೆವು ನಾವಿಬ್ಬರು?

“ಮಿಸ್, ಸುನೀತಾ ಸ್ಕೂಲ್ ಟೀಚರ್. ಫೈಲಲ್ಲಿ ಇದೆ. ನಿಮ್ಮ ರಿಪೋರ್ಟಿನ ಹೆಂಗಸು ಅವಳಲ್ಲ ಅಂತ ಎರಡನೇ ಸಾಲಿಗೇ ಗೊತ್ತಾಯ್ತು ನನಗೆ. ಎರಡು ಬಾಗಿಲಿತ್ತಂತಲ್ಲ. ಅದನ್ನೇ ಯಾಕೆ ತಟ್ಟಿದಿರಿ?”

“ನಂಬರ್ ಇರಲಿಲ್ಲ ಕಣೇ. ಎಲ್ಲಿ ನೋಡಿದರೂ ಮಂಜು...”

“ಮೆಟ್ಟಿಲ ಮೇಲೆ ಮಂಜು ಇರಲ್ಲ ಮಿಸ್.”

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

“ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡಿ. ನನ್ನ ಟ್ರೇನಿಂಗ್ ಮುಗಿದಾಗ ನೀವು ಸರ್ಟಿಫಿಕೇಟ್ ಕೊಟ್ರಿ. ‘ನಿರೀಕ್ಷೆಗೆ ಮೀರಿ ಶುಚಿ, ಶಿಸ್ತು’ ಅಂತ ಬರೆದಿದ್ರಿ. ಅಮ್ಮಿ ಅದಕ್ಕೆ ಫ್ರೇಮ್ ಹಾಕಿಸಿದಾಳೆ. ನಾನು ಮಾತ್ರ ಪ್ರತಿ ಸಲ ಓದುವಾಗ ಯೋಚಿಸ್ತೀನಿ, ನಿರೀಕ್ಷೆ ಏನಿತ್ತು ಅಂತ.”

“ದೊಡ್ಡಮ್ಮ, ಮುಖ ಯಾಕೆ ಹೀಗಾಗಿದೆ?” ಎಂದು ವಸುಧಾ ತೋಳು ಹಿಡಿದಳು. ಮಫ್ಲರ್ ಕೊಳ್ಳಲಿಲ್ಲ.

ಘಾಜಿಯಾಬಾದ್, ಸೋಮವಾರ

ಈ ಸಲ ಬಲಗಡೆಯ ಬಾಗಿಲು. ಕೈ ಎತ್ತುವ ಮುಂಚೆ ಕಿಂಡಿ ಕಪ್ಪಾಯಿತು, ಬಾಗಿಲು ತೆರೆಯಿತು. ಸುನೀತಾ ಮೂವತ್ತೈದರ ಹೆಂಗಸು, ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಸೀಮೆಸುಣ್ಣದ ಗುರುತು. ಒಳಗೆ ಬಿಸಿಲು ಬಂದಂತೆ ಬೆಳಕು. ಕಪಾಟಿನಲ್ಲಿ ಪುಸ್ತಕಗಳು. ಅವಳ ಗಂಡ ರಮೇಶ್ ಡ್ಯೂಟಿಗೆ ರಜೆ ಹಾಕಿ ಶೂ ಹಾಕಿಕೊಂಡೇ ಸೋಫಾದ ತುದಿಯಲ್ಲಿ ಕೂತಿದ್ದ, ಪರೀಕ್ಷೆಗೆ ಬಂದವನಂತೆ.

“ಬುಧವಾರ ನೀನು ನನ್ನನ್ನು ನೋಡಿದೆಯಲ್ಲ. ಯಾಕೆ ಕರೆಯಲಿಲ್ಲ?” ಎಂದೆ. ತಪ್ಪು ನನ್ನದಾಗಿದ್ದರೂ ನನ್ನ ದನಿ ಗದರಿಸುವವಳದ್ದೇ ಆಗಿತ್ತು.

“ಹೇಗೆ ಕರೀಲಿ ಮೇಡಮ್?” ಸುನೀತಾ ಟ್ರೇ ಕೆಳಗಿಟ್ಟಳು. “ನೆರೆಯವರನ್ನ ವಿಚಾರಿಸ್ತಾರೆ ಅಂತ ಆಫೀಸಲ್ಲಿ ಹೇಳಿದ್ರು. ಮೊದಲು ಅಲ್ಲಿ ಕೇಳಿ ಆಮೇಲೆ ಇಲ್ಲಿಗೆ ಬರ್ತೀರಿ ಅಂದುಕೊಂಡೆ. ಮೂರು ಸಲ ಹಾಲು ಬಿಸಿ ಮಾಡಿದೆ. ನೀವು ಹೊರಗೆ ಬಂದು ನಮ್ಮ ಬಾಗಿಲನ್ನ ನೋಡಿದ್ರಿ. ನಾನು ಚಿಲಕಕ್ಕೆ ಕೈ ಹಾಕಿದ್ದೆ. ನೀವು ಇಳಿದುಹೋದ್ರಿ.”

ರಮೇಶ್ ಮೊದಲ ಸಲ ಬಾಯಿ ಬಿಟ್ಟ. “ನಾನೇ ಅಂದೆ ಇವಳಿಗೆ, ನನ್ನ ಕೆಲಸ ಓದಿ ಹೋಗಿರಬೇಕು ಅಂತ. ನಮಗೆ ಅಭ್ಯಾಸ ಇದೆ.” ಅದರಲ್ಲಿ ಚುಚ್ಚು ಇರಲಿಲ್ಲ. ಬಸ್ಸು ತಪ್ಪಿದ ವಿಷಯ ಹೇಳಿದಂತೆ ಹೇಳಿದ.

ನಾನು ಹಿಂದಿಯನ್ನು ಹುಡುಕುತ್ತಾ ಕ್ಷಮೆ ಕೇಳಿದೆ. ಗಂಡ ಹೆಂಡತಿ ಇಬ್ಬರೂ ಎದ್ದೇಬಿಟ್ಟರು, ಎಪ್ಪತ್ತು ವರ್ಷದವಳು ಹಾಗೆಲ್ಲ ಹೇಳಬಾರದೆಂದು. ಆಮೇಲೆ ಎದುರು ಮನೆಯ ಕಥೆ ಕೇಳಿದೆ.

ಅವಳು ಓಂವತಿ. ಒಬ್ಬಳೇ ಮಗಳು, ಪಿಂಕಿ. ಮೂರು ವರ್ಷದವಳಾಗಿದ್ದಾಗ ಮಂಗಳವಾರದ ಸಂತೆಯಲ್ಲಿ ಕೈ ತಪ್ಪಿಹೋದಳು. ನಾಲ್ಕು ವರ್ಷವಾಯಿತು. ವಿಚಾರಿಸಲು ಯಾರಾದರೂ ಬರುತ್ತಾರೆ ಎಂದು ಪೊಲೀಸ್ ಠಾಣೆಯಲ್ಲಿ ಯಾರೋ ಹೇಳಿದ್ದರಂತೆ. ಅಂದಿನಿಂದ ಬಾಗಿಲು ಮುಚ್ಚಿಲ್ಲ. ಗಂಡ ಬೇರೆ ಊರಲ್ಲಿ ಕೆಲಸ ಹುಡುಕಿಕೊಂಡ.

“ಫೈಲು ಹಿಡಿದು ಯಾರು ಬಂದರೂ ಅವಳು ಎದ್ದು ನಿಲ್ತಾಳೆ,” ಎಂದಳು ಸುನೀತಾ. “ಓಟರ್ ಲಿಸ್ಟಿನವರು, ಪೋಲಿಯೋ ಹಾಕೋರು, ಗ್ಯಾಸಿನವರು. ಎಲ್ಲರೂ ‘ಅಲ್ಲ ಅಮ್ಮಾ, ನಾವಲ್ಲ’ ಅಂತ ಹೋಗಿಬಿಡ್ತಾರೆ. ಒಂದು ಗಂಟೆ ಕೂತವರು ನೀವು ಒಬ್ಬರೇ.” ಟ್ರೇಯನ್ನು ಪಕ್ಕಕ್ಕೆ ಸರಿಸಿದಳು. “ನೀವು ಮೂರು ತಿಂಗಳು ಅಂದ್ರಂತೆ. ಗುರುವಾರ ಇಡೀ ಬ್ಲಾಕಿಗೆ ಬತ್ತಾಸು ಹಂಚಿದಳು.”

ಹಾಲಿನ ಲೋಟ ಕೆಳಗಿಟ್ಟೆ.

“ಮೇಡಮ್,” ಸುನೀತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. “ಇದರಿಂದ ನಮ್ಮದು ಕೆಡುತ್ತಾ? ನಮ್ಮ ತಾರಾ... ಅಂದ್ರೆ, ಇನ್ನೂ ನಮ್ಮವಳಲ್ಲ. ಹೆಸರು ಮಾತ್ರ ಇಟ್ಟುಬಿಟ್ಟಿದೀವಿ.”

ನನಗೆ ಆಗ ಪೂರ್ತಿ ಚಿತ್ರ ಕಾಣಿಸಿತು. ನನ್ನ ಹಳೆಯ ವರದಿ ಹರಿದು ಹಾಕಬಹುದು. ಹೊಸದು ಬರೆಯಬಹುದು. ಎಲ್ಲ ಸರಿಹೋದರೆ ಮೂರು ತಿಂಗಳಿಗೆ ಮೂರು ವರ್ಷದ ಹೆಣ್ಣುಮಗುವೊಂದು ಈ ಮೆಟ್ಟಿಲು ಹತ್ತಿ ಬರುತ್ತದೆ. ತೆರೆದ ಬಾಗಿಲಿನ ಎದುರಿನಿಂದ.

ಎಡಗಡೆಯ ಬಾಗಿಲಿಗೆ ಹೋದೆ. ಓಂವತಿ ಅದೇ ಜಾಗದಲ್ಲಿ ನಿಂತಿದ್ದಳು. ಐದನೆಯ ಸ್ವೆಟರ್ ಮುಗಿದು ಹಗ್ಗಕ್ಕೆ ಏರಿತ್ತು. ಬಂದ ಹಿಂದಿಯಲ್ಲಿ, ಬಾರದ ಹಿಂದಿಯಲ್ಲಿ, ಸುನೀತಾಳ ನೆರವಿನಿಂದ ಎಲ್ಲ ಹೇಳಿದೆ. ನಾನು ಪಿಂಕಿಯ ವಿಷಯಕ್ಕೆ ಬಂದವಳಲ್ಲ. ನನಗೆ ಏನೂ ಗೊತ್ತಿಲ್ಲ. ಮನೆ ತಪ್ಪಿ ಬಂದೆ. ಬರುವ ಮಗು ಬೇರೆ, ಅದು ಸುನೀತಾಳದ್ದು.

ಅವಳು ತಾಳ್ಮೆಯಿಂದ ಪೂರ್ತಿ ಕೇಳಿದಳು. ಆಮೇಲೆ ನಕ್ಕಳು. ಅಂಥ ಸುಂದರ ನಗುವನ್ನು ನಾನು ಆ ಊರಿನಲ್ಲಿ ಬೇರೆಲ್ಲೂ ನೋಡಲಿಲ್ಲ.

“ಗೊತ್ತು ಮೇಡಮ್‌ಜಿ,” ಎಂದು ದನಿ ಇಳಿಸಿದಳು. “ಮೊದಲೇ ಹೇಳಬಾರದು ಅಂತ ನಿಮಗೂ ರೂಲ್ಸ್ ಇರುತ್ತೆ. ನಾನು ಯಾರಿಗೂ ಹೇಳಲ್ಲ.”

ಸುನೀತಾ ಮತ್ತೆ ಹೇಳಿದಳು. ನಾನು ಮತ್ತೆ ಹೇಳಿದೆ. ಓಂವತಿ ಪ್ರತಿ ಸಲವೂ ತಲೆಯಾಡಿಸಿದಳು, ಚಿಕ್ಕ ಮಕ್ಕಳ ಸುಳ್ಳನ್ನು ಒಪ್ಪಿಕೊಳ್ಳುವ ದೊಡ್ಡವರ ಹಾಗೆ.

ದ್ವಾರಕಾ, ಕೊನೆಯ ದಿನಗಳು

ಎರಡನೆಯ ವರದಿ ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ಸುನೀತಾ, ರಮೇಶರ ಬಗ್ಗೆ ಬರೆಯುವುದು ಸುಲಭವಾಗಿತ್ತು. ತೊಡಕಿದ್ದದ್ದು ನೆರೆಹೊರೆ ಎಂಬ ಕಾಲಮ್ಮಿನಲ್ಲಿ. ಓಂವತಿಯ ವಿಷಯ ಬರೆದರೆ ಮೇಲಿನವರು ಹೆದರಿ ಆ ಮಗುವನ್ನು ಬೇರೆ ಮನೆಗೆ ಕೊಟ್ಟುಬಿಡಬಹುದು. ನನ್ನ ತಪ್ಪಿಗೆ ಸುನೀತಾಳ ಮಡಿಲು ಬರಿದಾಗುತ್ತದೆ. ಬರೆಯದಿದ್ದರೆ ಮಗುವಿನ ಎದುರು ಬಾಗಿಲಲ್ಲಿ ಏನಿದೆ ಎಂಬುದನ್ನು ನಾನು ಮುಚ್ಚಿಟ್ಟಂತೆ.

ಕೊನೆಗೆ ಬರೆದೆ, ನನ್ನನ್ನೂ ಸೇರಿಸಿ. ಎರಡು ಬಾಗಿಲು ನೋಡಿ ಒಂದನ್ನು ತಟ್ಟಿದ್ದು, ಯಾಕೆ ತಟ್ಟಿದ್ದು, ಕೊಡಬಾರದ ಮಾತು ಕೊಟ್ಟಿದ್ದು. ಈ ಅಪಾಯ ಅರ್ಜಿದಾರರದ್ದಲ್ಲ, ನಾನು ತಂದಿಟ್ಟದ್ದು ಎಂದು ಬರೆದು, ಅದರ ಕೆಳಗೆ ರೆಕಮೆಂಡೆಡ್ ಎಂದು ಬರೆದು ಸೈನ್ ಹಾಕಿದೆ. ಅಕ್ಷರ ಅಷ್ಟೇನೂ ಚೆನ್ನಾಗಿ ಬರಲಿಲ್ಲ.

ನಾಜ್ನೀನ್ ತನ್ನ ಆಫೀಸಿನಲ್ಲಿ ಅದನ್ನು ಓದಿ ಮತ್ತೆ ಮೊದಲ ಪುಟಕ್ಕೆ ತಿರುವಿದಳು. “ಇದನ್ನ ಫೈಲಿಗೆ ಹಾಕಿದ್ರೆ ನಿಮ್ಮ ಹೆಸರು...”

“ಹಾಕು.”

“ಠೀಕ್ ಹೈ,” ಎಂದಳು, ದೆಹಲಿಯವಳ ಹಾಗೆ. ಆಮೇಲೆ ಧಾರವಾಡದವಳ ಹಾಗೆ, “ಚಾ ಕುಡೀರಿ ಮಿಸ್, ಆರಿ ಹೋಗ್ತದ,” ಎಂದಳು.

ಓಂವತಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಏರ್ಪಾಡು ಮಾಡಿದಳು. ಎರಡು ಸಲ ಕರೆಯಲು ಹೋದರೂ ಓಂವತಿ ಬರಲಿಲ್ಲವಂತೆ. ಮನೆಯಲ್ಲಿ ಯಾರೂ ಇಲ್ಲದಿದ್ದಾಗ ಮಗು ಬಂದುಬಿಟ್ಟರೆ ಎಂದು.

ಮೈಸೂರು

ಊರಿಗೆ ಬಂದು ಮೂರು ದಿನ ಬಿಸಿಲಿನಲ್ಲಿ ಕೂತಿದ್ದೆ. ನಾನು ಮೂವತ್ತೊಂದು ವರ್ಷದಲ್ಲಿ ತಟ್ಟಿದ ಬಾಗಿಲುಗಳನ್ನು ಲೆಕ್ಕ ಹಾಕಲು ನೋಡಿದೆ. ತಟ್ಟದೆ ಬಂದವು ಎಷ್ಟೋ. ಬೇಡ ಎಂದು ಬರೆದ ಮನೆಗಳಲ್ಲಿ ಯಾರು ಯಾರು ಕಿಂಡಿಗೆ ಕಣ್ಣಿಟ್ಟು ನಾನು ಇಳಿದುಹೋಗುವುದನ್ನು ನೋಡಿದರೋ.

ಫೈಲು ತಡವಾಗಲಿ ಎಂದು ಜೀವಮಾನದಲ್ಲಿ ಮೊದಲ ಸಲ ದೇವರನ್ನು ಬೇಡಿಕೊಂಡೆ. ಐದು ತಿಂಗಳಾಗಲಿ, ಆರಾಗಲಿ, ಮೂರು ಮಾತ್ರ ಬೇಡ. ಈ ದೇಶದಲ್ಲಿ ಫೈಲುಗಳು ನಿದ್ದೆ ಹೋಗುವುದನ್ನೇ ಕಂಡವಳು ನಾನು. ಆ ಒಂದು ಫೈಲು ಎಲ್ಲಿಯೂ ನಿಲ್ಲಲಿಲ್ಲ. ಏಪ್ರಿಲಿನಲ್ಲಿ, ನಾನು ಓಂವತಿಯ ಕೈ ಹಿಡಿದು ಮೂರು ತಿಂಗಳೆಂದ ತಾರೀಖಿಗೆ ಸರಿಯಾಗಿ, ಬುಧವಾರವಲ್ಲದಿದ್ದರೂ ಅದೇ ತಾರೀಖಿಗೆ, ತಾರಾ ಆ ಮೆಟ್ಟಿಲು ಹತ್ತಿದಳು.

ಸುನೀತಾ ಇಂಗ್ಲಿಷಿನಲ್ಲಿ ಕಾಗದ ಬರೆದಿದ್ದಾಳೆ, ಟೀಚರ್ ಅಕ್ಷರ, ಒಂದೂ ತಪ್ಪಿಲ್ಲ. ಮಗು ಚೆನ್ನಾಗಿದೆ. ರಮೇಶ್ ದಿನಾ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪಾರ್ಕಿಗೆ ಹೋಗುತ್ತಾನೆ. ಓಂವತಿ ಅಳಲಿಲ್ಲ, ಗಲಾಟೆ ಮಾಡಲಿಲ್ಲ. ನಿನ್ನವಳು, ನಿನ್ನವಳು ಎಂದು ಸುನೀತಾಗೆ ತಾನೇ ಹೇಳುತ್ತಾಳೆ. ದಿನಕ್ಕೆ ಒಂದು ಸಲ ಬಂದು ಬಾಗಿಲ ಹೊರಗೆ ನಿಂತು ಮಗುವನ್ನು ನೋಡಿ ಹೋಗುತ್ತಾಳೆ, ಒಳಗೆ ಕಾಲಿಡುವುದಿಲ್ಲ. ಹೋಗುವಾಗ ಒಂದೇ ಒಂದು ಸಲ ಪಿಂಕಿ ಎಂದು ಮೆಲ್ಲಗೆ ಕರೆಯುತ್ತಾಳೆ. ಮೊದಮೊದಲು ತಾರಾ ಸುಮ್ಮನಿರುತ್ತಿದ್ದಳು. ಈಗ ಎರಡೂ ಹೆಸರಿಗೆ ತಿರುಗುತ್ತಾಳೆ. ಬೇಡ ಎನ್ನಲೇ, ಮೇಡಮ್? ಎಂದು ಕೇಳಿದ್ದಾಳೆ.

ಕಾಗದದ ಜೊತೆ ಒಂದು ಫೋಟೋ ಇದೆ. ಚೆಂಡುಹೂವಿನ ಕುಂಡಗಳ ನಡುವೆ ತಾರಾ ನಿಂತಿದ್ದಾಳೆ. ಏಪ್ರಿಲಿನ ಬಿಸಿಲು, ಮೂಗಿನ ಮೇಲೆ ಬೆವರು. ಮೈಮೇಲೆ ಕೆಂಪು ಸ್ವೆಟರ್, ಎದೆಯ ಮೇಲೆ ಬಿಳಿ ಬಾತುಕೋಳಿ. ಅಳತೆ ಹೊಲಿಸಿದಂತೆ ಕೂತಿದೆ. ಹಿಂದೆ ಎಡಗಡೆಯ ಬಾಗಿಲು ಕಾಣುತ್ತದೆ. ಗೋಣಿಯ ಮೇಲೆ ಚಪ್ಪಲಿ ಇಲ್ಲ. ಬಾಗಿಲು ಮುಚ್ಚಿದೆ. ಓಂವತಿ ರಾತ್ರಿ ಚಿಲಕ ಹಾಕಿಕೊಂಡು ಮಲಗುತ್ತಾಳಂತೆ ಈಗ, ನಾಲ್ಕು ವರ್ಷದ ನಿದ್ದೆಯೆಲ್ಲ ಸೇರಿಸಿ.

ಸುನೀತಾಗೆ ಇನ್ನೂ ಉತ್ತರ ಬರೆದಿಲ್ಲ. ಬರೆಯಲು ಕೂತಾಗಲೆಲ್ಲ ಆ ಮುಚ್ಚಿದ ಬಾಗಿಲ ಹಿಂದಿನ ಹಗ್ಗ ಕಾಣಿಸುತ್ತದೆ. ಅದರ ಮೇಲೆ ಇನ್ನೂ ನಾಲ್ಕು ಸ್ವೆಟರ್‌ಗಳಿವೆ, ಒಂದಕ್ಕಿಂತ ಒಂದು ಒಂದು ವರ್ಷ ದೊಡ್ಡದು.